ಬೋಟಿಗೆ ಲಕ್ಷ ಲಕ್ಷ, ಕಟ್ಟುವ ಹಗ್ಗಕ್ಕೆ ಮಾತ್ರ ಪೈಸೆ ಪೈಸೆ ಲೆಕ್ಕ

ಜೂನ್ 1 ಬಂತೆಂದರೆ ನಮ್ಮ ಕರಾವಳಿಯ ಯಾಂತ್ರೀಕೃತ ಬೋಟುಗಳೆಲ್ಲ ದಡ ಸೇರುತ್ತವೆ. ಜುಲೈ 31ರವರೆಗೆ, ಅಂದರೆ ಒಟ್ಟು 61 ದಿನ ಮೀನುಗಾರಿಕೆಗೆ ರಜೆ. ಮಲ್ಪೆ, ಮಂಗಳೂರು, ಗಂಗೊಳ್ಳಿ, ಭಟ್ಕಳ, ಕಾರವಾರ, ಎಲ್ಲಿ ನೋಡಿದರೂ ದಕ್ಕೆ ತುಂಬಾ ಬೋಟುಗಳೇ. ಒಂದರ ಮೈಗೆ ಒಂದು ತಾಗಿಕೊಂಡು ಸಾಲುಗಟ್ಟಿ ನಿಂತಿರುತ್ತವೆ.

ಖಲಾಸಿಗಳು ಊರಿಗೆ ಹೋಗಿರುತ್ತಾರೆ. ಮಾಲೀಕರು ಬಲೆ ದುರಸ್ತಿ, ಎಂಜಿನ್ ಕೆಲಸ, ಸಾಲದ ಕಂತು ಅಂತ ಓಡಾಡುತ್ತಿರುತ್ತಾರೆ. ಗಾಳಿ, ಮಳೆ, ನೆರೆ ನೀರಿನ ಎದುರು ಆ ಎರಡು ತಿಂಗಳು ಬೋಟನ್ನು ಕಾಯುವುದು ಒಂದೇ ಒಂದು ವಸ್ತು: ಹಗ್ಗ.

ಆದರೆ ಆ ಹಗ್ಗ ಎಂಥದ್ದು? ಎಂಜಿನ್‌ಗೆ ಲಕ್ಷ, ಬಲೆಗೆ ಲಕ್ಷ, ಬಣ್ಣಕ್ಕೂ ಸಾವಿರಗಟ್ಟಲೆ ಸುರಿಯುವ ನಾವು, ಬೋಟು ಕಟ್ಟಲು ಮಾತ್ರ ಬಲೆಯಿಂದ ಬಿಚ್ಚಿದ ಹಳೇ ತುಂಡನ್ನೋ, ಅಂಗಡಿಯಲ್ಲಿ ಎಲ್ಲಕ್ಕಿಂತ ಅಗ್ಗದ್ದನ್ನೋ ಹುಡುಕುತ್ತೇವೆ. ಈ ಅಭ್ಯಾಸ ಬಿಡಬೇಕು ಎನ್ನುವುದೇ ಈ ಬರಹದ ವಾದ. ಇದು ಒಬ್ಬೊಬ್ಬರ ಜೇಬಿನ ವಿಷಯವೂ ಅಲ್ಲ. ಸಾಲಿನಲ್ಲಿ ಒಂದು ಬೋಟಿನ ಹಗ್ಗ ಹರಿದರೆ ಅದು ಪಕ್ಕದ ಬೋಟಿಗೆ ಗುದ್ದುತ್ತದೆ, ಅದರ ಭಾರವೂ ಉಳಿದ ಹಗ್ಗಗಳ ಮೇಲೆ ಬೀಳುತ್ತದೆ. ನೆರೆಯವರ ಕೆಟ್ಟ ಹಗ್ಗ ನಿಮ್ಮ ಬೋಟಿಗೂ ಅಪಾಯ.

ಬಕೆಟ್ ನೀರಿನ ಪರೀಕ್ಷೆ

ಅಂಗಡಿಯವರು ಎಲ್ಲವನ್ನೂ 'ನೈಲಾನ್ ಹಗ್ಗ' ಎಂದೇ ಕೊಡುವುದುಂಟು. ನಂಬುವ ಮೊದಲು ಒಂದು ತುಂಡನ್ನು ಬಕೆಟ್ ನೀರಿಗೆ ಹಾಕಿ, ಒಳಗೆ ಗಾಳಿ ಉಳಿಯದಂತೆ ಚೆನ್ನಾಗಿ ಅದ್ದಿ ನೋಡಿ. ಆಮೇಲೂ ತೇಲಿದರೆ ಅದು ನೈಲಾನ್ ಅಲ್ಲ, ಪಾಲಿಪ್ರೊಪಿಲೀನ್‌ನಂಥ ಅಗ್ಗದ ಹಗ್ಗ. ನೈಲಾನ್ ಮುಳುಗುತ್ತದೆ.

ಈ ವ್ಯತ್ಯಾಸ ಯಾಕೆ ಮುಖ್ಯ? ಅಲೆ ಬಂದಾಗ ಬೋಟು ಹಗ್ಗವನ್ನು ಝಗ್ಗನೆ ಎಳೆಯುತ್ತದೆ. ನೈಲಾನ್ ಆ ಎಳೆತಕ್ಕೆ ಹಿಗ್ಗಿ, ಮತ್ತೆ ಕುಗ್ಗುತ್ತದೆ. ಏಟನ್ನು ತಾನೇ ನುಂಗಿಕೊಳ್ಳುತ್ತದೆ. ಅಷ್ಟು ಹಿಗ್ಗದ ಹಗ್ಗವಾದರೆ ಏಟೆಲ್ಲ ನೇರವಾಗಿ ಬೋಟಿನ ಮರಕ್ಕೆ, ದಕ್ಕೆಯ ಕಂಬಕ್ಕೆ ಬೀಳುತ್ತದೆ. ಹಗ್ಗ ಉಳಿದರೂ ಗೂಟ ಕಿತ್ತು ಬರಬಹುದು.

ಪಾಲಿಪ್ರೊಪಿಲೀನ್‌ಗೆ ಬಿಸಿಲೂ ಆಗಿಬರುವುದಿಲ್ಲ. ಒಂದೆರಡು ಬೇಸಿಗೆ ಕಳೆದರೆ ಮೇಲ್ಮೈ ಒರಟಾಗಿ, ಉಜ್ಜಿದರೆ ಪುಡಿ ಉದುರುತ್ತದೆ. ಸಡಿಲವಾಗಿ ನೀರಿನ ಮೇಲೆ ತೇಲುವ ಹಗ್ಗ ಇನ್ನೊಂದು ಬೋಟಿನ ಫ್ಯಾನ್‌ಗೆ ಸುತ್ತಿಕೊಳ್ಳುವುದೂ ಸುಲಭ. ಪಾಲಿಯೆಸ್ಟರ್ ಗಟ್ಟಿ, ಸವೆತ ತಡೆಯುತ್ತದೆ, ಆದರೆ ನೈಲಾನ್‌ನಷ್ಟು ಹಿಗ್ಗುವುದಿಲ್ಲ. ಹಾಗಾಗಿ ಅಲೆಗೆ ಓಲಾಡುವ ಬೋಟಿಗೆ ಮೂರೆಳೆ ಹೊಸೆದ ನೈಲಾನ್ ಹಗ್ಗವೇ ಒಳ್ಳೆಯದು.

ಅಗ್ಗದ ಹಗ್ಗವನ್ನೇ ಎರಡು ಸುತ್ತು ಹಾಕಿದರಾಯಿತು ಎನ್ನುವವರಿದ್ದಾರೆ. ಒಂದು ನೈಲಾನ್, ಜೊತೆಗೊಂದು ಬೇರೆ ಜಾತಿಯದು ಕಟ್ಟಿದರೆ ಭಾರ ಎರಡಕ್ಕೂ ಸಮನಾಗಿ ಬೀಳುವುದಿಲ್ಲ. ಕಡಿಮೆ ಹಿಗ್ಗುವುದೇ ಮೊದಲು ಎಲ್ಲ ಭಾರ ಹೊತ್ತು ಹರಿಯುತ್ತದೆ. ಆಮೇಲೆ ಇನ್ನೊಂದರ ಸರದಿ.

ದಪ್ಪ ಎಷ್ಟು, ಉದ್ದ ಎಷ್ಟು?

ಬೋಟಿನ ಪ್ರತಿ 9 ಅಡಿ ಉದ್ದಕ್ಕೆ ಕಾಲಿಂಚಿನ ಅರ್ಧದಷ್ಟು, ಅಂದರೆ ಸುಮಾರು 3 ಮಿ.ಮೀ. ದಪ್ಪ ಎನ್ನುವುದು ಸಣ್ಣ ನೌಕೆಗಳಿಗೆ ಬಳಸುವ ಸರಳ ಲೆಕ್ಕ. ಆ ಪ್ರಕಾರ 45 ಅಡಿಗೆ 16 ಮಿ.ಮೀ., 70 ಅಡಿಗೆ 24 ಮಿ.ಮೀ. ಇದು ಹಗುರ ನೌಕೆಗಳ ಲೆಕ್ಕ. ನಮ್ಮ ಟ್ರಾಲ್ ಬೋಟುಗಳು ಭಾರ ಹೆಚ್ಚು, ಮೇಲಾಗಿ ಮಳೆಗಾಲ. ಒಂದು ಅಳತೆ ಮೇಲಿನದನ್ನೇ ಕೊಳ್ಳಿ. ಒದ್ದೆಯಾದಾಗ ನೈಲಾನ್‌ನ ಬಲ ಶೇ 10ರಿಂದ 15ರಷ್ಟು ಕುಗ್ಗುತ್ತದೆ ಎನ್ನುವುದೂ ನೆನಪಿರಲಿ. ಹಾಗೆಂದು ಸಿಕ್ಕಾಪಟ್ಟೆ ದಪ್ಪದ ಹಗ್ಗವೂ ಬೇಡ. ಅದು ಹಿಗ್ಗುವುದೇ ಇಲ್ಲ, ನೈಲಾನ್ ಕೊಂಡ ಉದ್ದೇಶವೇ ಹಾಳು.

ಉದ್ದದಲ್ಲಿ ಜಿಪುಣತನ ಬೇಡವೇ ಬೇಡ. ಉಬ್ಬರ ಇಳಿತಕ್ಕೆ ಬೋಟು ಒಂದೂವರೆ ಮೀಟರ್ ಕೆಳಗಿಳಿಯಿತು ಎಂದುಕೊಳ್ಳಿ. ಬಿಗಿದು ಕಟ್ಟಿದ 3 ಮೀಟರ್ ಹಗ್ಗವಾದರೆ ಸುಮಾರು 35 ಸೆಂ.ಮೀ. ಹೆಚ್ಚು ಬೇಕಾಗುತ್ತದೆ. 10 ಮೀಟರ್ ಹಗ್ಗಕ್ಕೆ ಬೇಕಾಗುವುದು 11 ಸೆಂ.ಮೀ. ಮಾತ್ರ. ಹಗ್ಗ ಉದ್ದವಿದ್ದಷ್ಟೂ ಎಳೆತ ಕಡಿಮೆ.

ಮುಂದೊಂದು, ಹಿಂದೊಂದು ಕಟ್ಟಿದರೆ ಮುಗಿಯಲಿಲ್ಲ. ಬೋಟು ದಕ್ಕೆಯುದ್ದಕ್ಕೆ ಹಿಂದೆ ಮುಂದೆ ಜಾರದಂತೆ ಎರಡು ಓರೆ ಹಗ್ಗಗಳೂ ಬೇಕು: ಮುಂಭಾಗದಿಂದ ಹಿಂದಕ್ಕೆ ಒಂದು, ಹಿಂಭಾಗದಿಂದ ಮುಂದಕ್ಕೆ ಇನ್ನೊಂದು. ಗಂಗೊಳ್ಳಿಯಂತೆ ಅಳಿವೆಯ ಒಳಗೆ, ಮಂಗಳೂರಿನ ಹಳೇ ಬಂದರಿನಂತೆ ಹೊಳೆಯಲ್ಲಿ ನಿಲ್ಲುವ ಬೋಟುಗಳಿಗಂತೂ ನೆರೆಯ ಸೆಳೆತ ಬರುವ ದಿಕ್ಕಿನ ಹಗ್ಗವೇ ಪ್ರಾಣ.

ಹರಿಯುವುದು ಎಲ್ಲಿ?

ಹಗ್ಗ ಹೆಚ್ಚಾಗಿ ಹರಿಯುವುದು ನಡುವೆ ಅಲ್ಲ, ಉಜ್ಜುವ ಜಾಗದಲ್ಲಿ ಮತ್ತು ಗಂಟಿನಲ್ಲಿ. ಕಾಂಕ್ರೀಟ್ ಅಂಚಿಗೆ, ಬೋಟಿನ ಅಂಚಿಗೆ ತಾಗುವಲ್ಲಿ ಹಳೇ ಪೈಪನ್ನು ಸೀಳಿ ತೊಡಿಸಿ ಕಟ್ಟಿ. ಗಂಟು ಹಾಕಿದ ಕಡೆ ಹಗ್ಗದ ಬಲ ಅರ್ಧದಷ್ಟಕ್ಕೆ ಇಳಿಯಬಹುದು. ಎಳೆ ಬಿಚ್ಚಿ ಹಗ್ಗದೊಳಕ್ಕೇ ಹೆಣೆದ ಕುಣಿಕೆಯಲ್ಲಿ ಹೆಚ್ಚಿನ ಬಲ ಉಳಿಯುತ್ತದೆ. ನಮ್ಮ ಹಿರಿಯ ತಾಂಡೇಲರಿಗೆ ಇದು ಕೈಬೆರಳಿನ ವಿದ್ಯೆ. ಕಿರಿಯರು ಕಲಿತುಕೊಳ್ಳಬೇಕು.

ಇನ್ನೊಂದು ಎಚ್ಚರಿಕೆ. ಬಿಗಿದ ನೈಲಾನ್ ಹಗ್ಗ ಹರಿದರೆ ಚಾಟಿಯಂತೆ ಹಿಂದಕ್ಕೆ ಬೀಸುತ್ತದೆ, ಜೀವ ತೆಗೆಯಬಲ್ಲದು. ಅದರ ನೇರಕ್ಕೆ ಯಾರೂ ನಿಲ್ಲಬಾರದು.

ಸಂಘ ಏನು ಮಾಡಬೇಕು?

ಕಷ್ಟದ ಕಾಲದಲ್ಲಿ ಹಗ್ಗಕ್ಕೂ ಖರ್ಚೇ ಎಂದು ಕೇಳಬಹುದು. ಡೀಸೆಲ್ ದರ, ಮೀನಿನ ಬರ ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಒಳ್ಳೆಯ ಹಗ್ಗವನ್ನು ರಜೆ ಮುಗಿದ ಮೇಲೆ ತೊಳೆದು, ನೆರಳಲ್ಲಿ ಒಣಗಿಸಿ ಇಟ್ಟರೆ ಹಲವು ಮಳೆಗಾಲಕ್ಕೆ ಬರುತ್ತದೆ. ಒಬ್ಬೊಬ್ಬರೇ ಕೊಳ್ಳುವ ಬದಲು ಸಹಕಾರ ಸಂಘಗಳು ಒಟ್ಟಿಗೆ ಖರೀದಿಸಿದರೆ ದರವೂ ಇಳಿಯುತ್ತದೆ, ಅಸಲಿ ಮಾಲೂ ಸಿಗುತ್ತದೆ.

ಮೇ ಕೊನೆಯ ವಾರ ಪ್ರತಿ ದಕ್ಕೆಯಲ್ಲೂ ಸಂಘದ ಇಬ್ಬರು ಅನುಭವಿಗಳು ಸಾಲು ಸಾಲಾಗಿ ಹಗ್ಗ ಪರೀಕ್ಷಿಸಲಿ. ಸವೆದದ್ದನ್ನು ಬದಲಿಸದೆ ಬೋಟನ್ನು ಸಾಲಿಗೆ ಸೇರಿಸಬಾರದು. ಬಂದರು ಇಲಾಖೆಯೂ ಹೊಣೆ ಹೊರಬೇಕು. ಕಟ್ಟಲು ಗಟ್ಟಿ ಕಂಬವೇ ಇಲ್ಲದ ಕಡೆ ಹಗ್ಗ ಎಷ್ಟು ಒಳ್ಳೆಯದಿದ್ದರೇನು?

ಬಿಚ್ಚುವುದೂ ಕಟ್ಟುವಷ್ಟೇ ಮುಖ್ಯ. 2023ರ ನವೆಂಬರ್‌ನಲ್ಲಿ ಗಂಗೊಳ್ಳಿಯಲ್ಲಿ ನಿಲ್ಲಿಸಿದ್ದ ಹಲವು ಬೋಟುಗಳು ಬೆಂಕಿಗೆ ಸುಟ್ಟುಹೋದವು. ಒತ್ತೊತ್ತಾಗಿ ನಿಂತ ಬೋಟುಗಳ ನಡುವೆ ಬೆಂಕಿ ಬಿದ್ದರೆ ಪಕ್ಕದ್ದನ್ನು ಬೇಗ ಬಿಡಿಸಿ ದೂರ ತಳ್ಳುವಂತಿರಬೇಕು. ಗಂಟಿನ ಮೇಲೆ ಗಂಟು ಜಡಿದರೆ ಅದು ಆಗದು. ಪ್ರತಿ ಸಾಲಿಗೂ ರಾತ್ರಿ ಕಾವಲಿಗೊಬ್ಬರು, ಅವರ ಕೈಗೊಂದು ಹರಿತವಾದ ಕತ್ತಿ ಇರಲಿ.

ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರೆ ಫಲವಿಲ್ಲ. ಮೊದಲ ಮಳೆ ಬೀಳುವ ಮುನ್ನ ನಿಮ್ಮ ಹಗ್ಗವನ್ನೊಮ್ಮೆ ಕೈಯಲ್ಲಿ ಹಿಡಿದು ನೋಡಿ. ಹಾಗೇ ಪಕ್ಕದ ಬೋಟಿನದ್ದನ್ನೂ.