ಹೆಸರಿನೊಳಗಿನ ಬಾವಿ

ಭೂಪಟದ ಪುಸ್ತಕವನ್ನು ಬಿಡಿಸಿ, ಆಫ್ರಿಕ ಖಂಡದ ಪೂರ್ವಕ್ಕೆ ಕೊಂಬಿನಂತೆ ಚಾಚಿಕೊಂಡಿರುವ ಸೊಮಾಲಿಗಳ ನಾಡಿನ ಮೇಲೆ ಬೆರಳಾಡಿಸುತ್ತ ಹೋದರೆ, ಊರುಗಳ ಹೆಸರುಗಳಲ್ಲಿ ಒಂದು ಪುಟ್ಟ ಪದ ಮತ್ತೆ ಮತ್ತೆ ಎದುರಾಗುತ್ತದೆ. ಎಲ್ ಬುರ್, ಎಲ್ ಡೇರ್, ಎಲ್ ಅಫ್ವೇನ್, ಎಲ್ ವಾಕ್. ಹೀರಾನ್ ಪ್ರಾಂತದಲ್ಲಿ, ಭೂತಗನ್ನಡಿ ಹಿಡಿದವರಿಗಷ್ಟೇ ಕಾಣುವ ಸಣ್ಣ ಅಕ್ಷರಗಳಲ್ಲಿ, ಎಲ್ ಅಲಿ. ಇಷ್ಟು ‘ಎಲ್’ಗಳನ್ನು ಒಟ್ಟಿಗೆ ಕಂಡವರು ಒಂದು ನಿರ್ಣಯಕ್ಕೆ ಬರುವುದು ಸಹಜ. ಮಧ್ಯ ಅಮೆರಿಕದಲ್ಲಿ ಎಲ್ ಸಾಲ್ವಡಾರ್ ಇಲ್ಲವೆ? ಅದು ಸ್ಪ್ಯಾನಿಷ್ ಭಾಷೆಯ ನಿರ್ದೇಶಕ ಪದ, ಇಂಗ್ಲಿಷಿನ ‘ದಿ’ ಇದ್ದಂತೆ. 1942ರ ಯುದ್ಧದಿಂದ ಪ್ರಸಿದ್ಧವಾದ ಈಜಿಪ್ಟಿನ ಎಲ್ ಅಲಮೇನ್ ಇಲ್ಲವೆ? ಅದು ಅರಬ್ಬಿಯ ‘ಅಲ್’. ಅಂದಮೇಲೆ ಸೊಮಾಲಿಯದ ‘ಎಲ್’ ಕೂಡ ಅದರ ಬಳಗದ್ದೇ ಆಗಿರಬೇಕು ಎಂದು ತೋರುತ್ತದೆ.

ತೋರುವುದು ಹಾಗೆ, ಇರುವುದು ಬೇರೆ. ಸೊಮಾಲಿ ಭಾಷೆಯಲ್ಲಿ ನಿರ್ದೇಶಕ ಪ್ರತ್ಯಯವು ನಾಮಪದದ ಮುಂದೆ ನಿಲ್ಲುವುದೇ ಇಲ್ಲ. ಬಾಲದಂತೆ ಪದದ ಕೊನೆಗೆ ಅಂಟಿಕೊಳ್ಳುತ್ತದೆ. ‘ಏಲ್’ ಎಂದರೆ ಬಾವಿ. ‘ಏಲ್ಕ’ ಎಂದರೆ ಆ ನಿರ್ದಿಷ್ಟ ಬಾವಿ. ಆದುದರಿಂದ ಹೆಸರಿನ ತಲೆಯ ಮೇಲೆ ಕುಳಿತಿರುವ ಈ ‘ಎಲ್’ ವ್ಯಾಕರಣದ ಕೈಚೀಲವಲ್ಲ, ತುಂಬಿದ ಕೊಡ. ಎಲ್ ಡೇರ್ ಎಂಬುದು ಆಳವಾದ ಬಾವಿ. ಎಲ್ ಬುರ್ ಎಂಬಲ್ಲಿನ ‘ಬೂರ್’ ಗುಡ್ಡ. ಎಲ್ ಅಲಿ ಅಲಿಯ ಬಾವಿ. ಹಿಗ್ಗಲಿಸಿ ಉಚ್ಚರಿಸಬೇಕಾದ ಏಕಾರವನ್ನು ಪರದೇಶದ ನಕ್ಷೆಗಾರರು ಮೊಟಕುಮಾಡಿದುದರಿಂದ ಬಾವಿಗಳೆಲ್ಲ ನಿರ್ದೇಶಕಗಳಾಗಿ ಬತ್ತಿಹೋದವು.

ವಿಚಿತ್ರವೆಂದರೆ ಈ ನಾಡಿನ ಇನ್ನೊಂದು ನೀರಿನ ಪದಕ್ಕೂ ಇದೇ ಗತಿಯಾಗಿದೆ. ಲಾಸ್ ಅನೋದ್ ಎಂಬ ಊರಿದೆ. ಅಮೆರಿಕದ ಲಾಸ್ ವೇಗಾಸನ್ನು ಬಲ್ಲವರ ಕಿವಿಗೆ ಇದೂ ಅದರ ಸೋದರಿಯಂತೆ ಕೇಳುತ್ತದೆ. ಆದರೆ ಲಾಸ್ ವೇಗಾಸಿನ ‘ಲಾಸ್’ ಸ್ಪ್ಯಾನಿಷಿನ ಸ್ತ್ರೀಲಿಂಗ ಬಹುವಚನದ ನಿರ್ದೇಶಕ, ಊರಿನ ಹೆಸರಿಗೆ ‘ಹುಲ್ಲುಗಾವಲುಗಳು’ ಎಂದರ್ಥ. ಸೊಮಾಲಿಗಳ ‘ಲಾಸ್’ ಮತ್ತೆ ಬಾವಿಯೇ. ‘ಆನೊ’ ಎಂದರೆ ಹಾಲು. ಒಂದು ಲಾಸ್ ಜೂಜಿನ ದೀಪಗಳ ನಗರ, ಇನ್ನೊಂದು ಲಾಸ್ ಹಾಲಿನ ಬಾವಿ. ಹರ್ಗೇಯ್ಸ ನಗರದ ಸಮೀಪದಲ್ಲಿ ಲಾಸ್ ಗೇಲ್ ಎಂಬ ಬಂಡೆಗಳ ತಾಣವಿದೆ: ಒಂಟೆಗಳು ನೀರು ಕುಡಿಯುವ ಬಾವಿ. 2002ರಲ್ಲಿ ಫ್ರೆಂಚ್ ಪುರಾತತ್ತ್ವಜ್ಞರು ಅಲ್ಲಿನ ಗವಿಗಳಲ್ಲಿ ಸಾವಿರಾರು ವರ್ಷಗಳಷ್ಟು ಹಳೆಯ ಬಣ್ಣದ ಚಿತ್ರಗಳನ್ನು ಕಂಡು ಲೋಕಕ್ಕೆ ತಿಳಿಸಿದರು. ಹೆಸರು ಒಂಟೆಯದಾದರೂ ಚಿತ್ರಗಳಲ್ಲಿ ಮೆರೆಯುವುದು ಕೊರಳಿಗೆ ಅಲಂಕಾರ ತೊಟ್ಟ ಹಸುಗಳು! ಚಿತ್ರ ಬರೆದವರ ಕಾಲದಲ್ಲಿ ಆ ನೆಲ ಹಸುಗಳನ್ನು ಸಾಕುವಷ್ಟು ಹಸುರಾಗಿತ್ತು; ಹೆಸರಿಟ್ಟವರ ಕಾಲಕ್ಕೆ ಒಂಟೆಯೇ ಗತಿಯಾಗಿತ್ತು. ಊರಿನ ಹೆಸರು ಎಷ್ಟು ಈಚಿನದಿರಬಹುದು ಎಂಬುದಕ್ಕೂ ಕೆಲವೊಮ್ಮೆ ಹೀಗೆ ಗೋಡೆಯೇ ಸಾಕ್ಷಿ ಹೇಳುತ್ತದೆ.

ಬಾವಿ ಹೀಗೆ ಮರೆಯಾಗಲು ಕಾರಣವಾದದ್ದು ಒಂದು ಧ್ವನಿ. ಸೊಮಾಲಿಯ ‘ಏಲ್’ ಪದ ಗಂಟಲಿನ ಆಳದಿಂದ ಹೊರಡುವ ಒಂದು ವ್ಯಂಜನದಿಂದ ಮೊದಲಾಗುತ್ತದೆ. ಅರಬ್ಬಿಯಲ್ಲಿ ಅದಕ್ಕೆ ‘ಐನ್’ ಎಂಬ ಅಕ್ಷರವುಂಟು. ಆ ಅಕ್ಷರದ ಹೆಸರಿಗೇ ಕಣ್ಣು ಎಂದೂ ನೀರಿನ ಚಿಲುಮೆ ಎಂದೂ ಎರಡರ್ಥ. ಕೊಲ್ಲಿ ದೇಶಗಳಲ್ಲಿ ದುಡಿಯುವ ಕನ್ನಡಿಗರಿಗೆ ಪರಿಚಿತವಾದ ಅಲ್ ಐನ್ ಪಟ್ಟಣದ ಹೆಸರಿನಲ್ಲಿರುವುದು ಈ ಚಿಲುಮೆಯೇ. ಅಲ್ಲಿ ‘ಅಲ್’ ನಿಜಕ್ಕೂ ನಿರ್ದೇಶಕ, ನೀರಿರುವುದು ‘ಐನ್’ನಲ್ಲಿ. ಸೊಮಾಲಿಯದಲ್ಲಿ ನೀರಿರುವುದು ‘ಏಲ್’ನಲ್ಲಿ. ಕಿವಿಗೆ ಸಮೀಪದ ನೆಂಟರು, ಅರ್ಥದಲ್ಲಿ ಅಪರಿಚಿತರು. ಈ ಗಂಟಲಧ್ವನಿಯನ್ನು ಇಟಲಿಯವರಾಗಲಿ ಇಂಗ್ಲಿಷರಾಗಲಿ ಬರೆಯಲಾರದೆ ಕೈಬಿಟ್ಟರು. ಕನ್ನಡದ ವರ್ಣಮಾಲೆಯಲ್ಲಿಯೂ ಅದಕ್ಕೆ ಅಕ್ಷರವಿಲ್ಲ. ‘ಅಲಿ’ ಎಂಬ ಹೆಸರು ಅರಬ್ಬಿಯಲ್ಲಿ ಮೊದಲಾಗುವುದು ಇದೇ ವ್ಯಂಜನದಿಂದ. ಮೈಸೂರಿನವರು ಅದನ್ನು ಲೆಕ್ಕಕ್ಕೆ ಹಿಡಿಯದೆ ಹೈದರ್ ಮತ್ತು ಅಲಿಗಳನ್ನು ಬೆಸೆದು ‘ಹೈದರಾಲಿ’ ಎಂದು ಸಲೀಸಾಗಿ ಕರೆದರು.

ಸೊಮಾಲಿಗಳ ಭಾಷೆಗೆ ಅಧಿಕೃತವಾದ ಲಿಪಿ ದೊರೆತದ್ದು 1972ರಲ್ಲಿ. ಅದುವರೆಗೆ ಅರಬ್ಬಿ ಅಕ್ಷರಗಳ ಪಕ್ಷ, ಉಸ್ಮಾನ್ ಯೂಸುಫ್ ಕೆನಾದೀದ್ ಎಂಬಾತ 1920ರ ದಶಕದ ಆರಂಭದಲ್ಲಿ ರಚಿಸಿದ ಸ್ವತಂತ್ರ ಲಿಪಿಯ ಪಕ್ಷ, ರೋಮನ್ ಅಕ್ಷರಗಳ ಪಕ್ಷ ಎಂದು ವಾದ ನಡೆದೇ ಇತ್ತು. ಕೊನೆಗೆ ಗೆದ್ದದ್ದು ರೋಮನ್. ಗಂಟಲಧ್ವನಿಗೆ ಹೊಸ ಗುರುತು ಹುಡುಕುವ ಬದಲು, ತಮ್ಮ ಭಾಷೆಗೆ ಬೇಡವಾಗಿ ಉಳಿದಿದ್ದ ‘ಸಿ’ ಅಕ್ಷರವನ್ನು ಅವರು ಅದಕ್ಕೆ ಕೊಟ್ಟುಬಿಟ್ಟರು. ಜಾಣತನದ ಕೆಲಸ; ಬೆರಳಚ್ಚು ಯಂತ್ರಕ್ಕೆ ಒಂದು ಕೀಲಿಯನ್ನೂ ಹೊಸದಾಗಿ ಸೇರಿಸಬೇಕಾಗಲಿಲ್ಲ. ಆದರೆ ಹೊರಗಿನವರಿಗೆ ಹೊಸ ಬಲೆ ಬಿದ್ದಿತು. ಎಲ್ ಅಲಿಯ ಎರಡು ಪದಗಳೂ ಈಗ ‘ಸಿ’ಯಿಂದ ಮೊದಲಾಗುತ್ತವೆ. ಅಲಿಯ ಹೆಸರನ್ನು ಸೊಮಾಲಿ ಬರಹದಲ್ಲಿ ಕಂಡ ವಿದೇಶಿ ‘ಕಾಲಿ’ ಎಂದೋದಿ ಕೊಲಂಬಿಯ ದೇಶದ ಕಾಲಿ ಪಟ್ಟಣವನ್ನು ನೆನೆದರೆ ಅವನ ತಪ್ಪೇನು?

ಇದೆಲ್ಲ ಪಂಡಿತರ ಹರಟೆಯೆಂದು ತೋರಬಹುದು. ಆದರೆ ಆ ನೆಲದಲ್ಲಿ ಬಾವಿಯೆಂದರೆ ಹರಟೆಯಲ್ಲ. ಡಿಸೆಂಬರಿನಿಂದ ಮಾರ್ಚಿಯವರೆಗಿನ ‘ಜೀಲಾಲ್’ ಎಂಬ ಒಣಗಾಲದಲ್ಲಿ ಕೆರೆಕುಂಟೆಗಳೆಲ್ಲ ಆರಿದ ಮೇಲೆ ದನಗಾಹಿಗಳಿಗೆ ಉಳಿಯುವುದು ಆಳವಾದ ಬಾವಿಗಳು ಮಾತ್ರ. ಅಂಥ ಬಾವಿಯೊಳಗೆ ಒಬ್ಬರ ಮೇಲೊಬ್ಬರಂತೆ ನಿಂತ ಗಂಡಸರು ತೊಗಲಿನ ಬಕೀಟುಗಳನ್ನು ಕೈಯಿಂದ ಕೈಗೆ ದಾಟಿಸಿ ಮೇಲಿನ ಬಾನಿಗೆ ನೀರು ತುಂಬುತ್ತಿದ್ದರು. ಬಾಯಾರಿ ಬಂದ ಒಂಟೆಯೊಂದು ಒಂದೇ ಸಲಕ್ಕೆ ನೂರು ಲೀಟರು ಹೀರಬಲ್ಲುದು. ಹಿಂಡಿಗೆ ಹಿಂಡೇ ಕಾದು ನಿಂತಿದ್ದರೆ ತೋಳುಗಳಿಗೆ ವಿರಾಮವೆಲ್ಲಿ? ದಣಿವು ಮರೆಯಲು ಹಾಡು ಬೇಕು. ಒಂಟೆಗೊಂದು ಬಗೆಯ ಹಾಡು, ಕುರಿಗೊಂದು ಬಗೆಯ ಹಾಡು ಎಂಬ ಭೇದ ಸೊಮಾಲಿ ಸಾಹಿತ್ಯದಲ್ಲಿ ಹುಟ್ಟಿದ್ದು ಹೀಗೆ. ಹುಲ್ಲುಗಾವಲು ದೇವರದು, ಎಲ್ಲರದು. ತೋಡಿದ ಬಾವಿ ಮಾತ್ರ ತೋಡಿದವನದು ಮತ್ತು ಅವನ ಕುಲದವರದು ಎಂಬುದು ಅವರ ಹಳೆಯ ಕಟ್ಟಳೆ. ಬಾವಿಯ ಹೆಸರಿಗೆ ಮನುಷ್ಯನ ಹೆಸರು ಅಂಟಿದಲ್ಲಿ ಅದು ಅಲಂಕಾರವಲ್ಲ, ಹಕ್ಕುಪತ್ರ. ಓದುಬರಹವಿಲ್ಲದ ಕಾಲದಲ್ಲಿ ಅದಕ್ಕಿಂತ ಗಟ್ಟಿಯಾದ ದಾಖಲೆ ಬೇರೆ ಎಲ್ಲಿತ್ತು?

ಎಲ್ಲ ಬಾವಿಗಳೂ ಮನುಷ್ಯರ ಹೆಸರಿನವಲ್ಲ. ಕೆನ್ಯದ ಗಡಿಯಲ್ಲಿರುವ ಎಲ್ ವಾಕ್ ಎಂಬ ಹೆಸರನ್ನು ಕೇಳಿದ ಕನ್ನಡಿಗರು ವಾಗ್ದೇವಿಯನ್ನು ನೆನೆಯಬಾರದು. ‘ವಾಕ್’ ಎಂಬುದು ಇಸ್ಲಾಮಿಗೆ ಮುಂಚೆ ಸೊಮಾಲಿಗಳೂ ಅವರ ನೆರೆಯ ಒರೋಮೋ ಜನರೂ ಪೂಜಿಸುತ್ತಿದ್ದ ಆಕಾಶದ ದೇವರು. ದೇವರು ಹೋದ, ಅವನ ಬಾವಿ ಉಳಿಯಿತು. ಹೀಬ್ರೂ ಭಾಷೆಯಲ್ಲಿ ‘ಏಲ್’ ಎಂದರೆ ದೇವರು ಎಂಬುದನ್ನು ಬಲ್ಲವರು ಇಲ್ಲಿ ಗಂಟುಹಾಕಲು ಹೊರಟರೆ ಎಲ್ ವಾಕ್ ‘ದೇವರ ದೇವರು’ ಆದೀತು! ಇನ್ನು ಎಲ್ ಅಫ್ವೇನ್. ‘ಅಫ್’ ಎಂದರೆ ಬಾಯಿ, ‘ವೇನ್’ ಎಂದರೆ ದೊಡ್ಡದು. ಅಗಲ ಬಾಯಿಯ ಬಾವಿ. 1969ರಿಂದ 1991ರವರೆಗೆ ಸೊಮಾಲಿಯವನ್ನಾಳಿದ, ಭಾಷೆಗೆ ಲಿಪಿಯನ್ನು ಕೊಡಿಸಿದ ಸಿಯಾದ್ ಬಾರೆಗೂ ಜನರು ಇಟ್ಟಿದ್ದ ಅಡ್ಡಹೆಸರು ‘ಅಫ್ವೇನೆ’. ಬಾವಿಗೆ ಭೂಷಣವಾದದ್ದು ದೊರೆಗೆ ಆಗಲಿಲ್ಲ.

ಈಗ ಮತ್ತೆ ಎಲ್ ಅಲಿಗೆ. ಈ ಸಣ್ಣ ಊರಿನ ಆಸುಪಾಸಿನ ಬಯಲಿನಲ್ಲಿ ಒಂದು ದೊಡ್ಡ ಕಲ್ಲು ಬಿದ್ದಿತ್ತು. ಐದರಿಂದ ಏಳು ತಲೆಮಾರುಗಳಿಂದ ಒಂಟೆಗಾಹಿಗಳು ಅದನ್ನು ಬಲ್ಲರು. ಅವರು ಅದಕ್ಕಿಟ್ಟ ಹೆಸರು ‘ಶೀದ್ ಬಿರೋದ್’, ಎಂದರೆ ಕಬ್ಬಿಣದ ಬಂಡೆ. ಅವರ ಹಾಡುಗಳಲ್ಲಿ, ಕುಣಿತಗಳಲ್ಲಿ, ಪದ್ಯಗಳಲ್ಲಿ ಆ ಬಂಡೆಗೆ ಸ್ಥಾನವಿತ್ತು. ಅದು ನೆಲದ ಕಲ್ಲಲ್ಲ, ಆಕಾಶದಿಂದ ಬಿದ್ದ ಉಲ್ಕಾಶಿಲೆ ಎಂಬುದು ಹೊರಜಗತ್ತಿಗೆ ತಿಳಿದದ್ದು 2020ರ ಸುಮಾರಿಗೆ. ತೂಕ 15.2 ಟನ್, ಜಗತ್ತಿನ ಅತಿದೊಡ್ಡ ಉಲ್ಕಾಶಿಲೆಗಳ ಸಾಲಿನಲ್ಲಿ ಒಂಬತ್ತನೆಯದೆಂದು ಎಣಿಸಿದರು. ಅದರ 70 ಗ್ರಾಂ ತೂಕದ ಒಂದು ಹೋಳು ಕೆನಡದ ಆಲ್ಬರ್ಟ ವಿಶ್ವವಿದ್ಯಾಲಯಕ್ಕೆ ಹೋಯಿತು. ಅಲ್ಲಿನ ಭೂವಿಜ್ಞಾನಿ ಕ್ರಿಸ್ ಹರ್ಡ್ ಮತ್ತು ಸಂಗಡಿಗರು 2022ರ ನವೆಂಬರಿನಲ್ಲಿ ಪ್ರಕಟಿಸಿದ ಸುದ್ದಿ ಇದು: ಅದರೊಳಗೆ ನಿಸರ್ಗದಲ್ಲಿ ಅದುವರೆಗೆ ಯಾರೂ ಕಾಣದಿದ್ದ ಎರಡು ಖನಿಜಗಳಿವೆ. ಎರಡೂ ಕಬ್ಬಿಣ, ರಂಜಕ, ಆಮ್ಲಜನಕಗಳ ಕೂಟ. ಪ್ರಯೋಗಶಾಲೆಯಲ್ಲಿ ಮನುಷ್ಯರು ಇವನ್ನು ಹಿಂದೆಯೇ ತಯಾರಿಸಿದ್ದುದರಿಂದ ಗುರುತು ಹಿಡಿಯುವುದು ಸುಲಭವಾಯಿತು. ಒಂದಕ್ಕೆ ಸೈಕಿ ಎಂಬ ಲೋಹಮಯ ಕ್ಷುದ್ರಗ್ರಹದ ಶೋಧಯಾನದ ನಾಯಕಿ ಲಿಂಡಿ ಎಲ್ಕಿನ್ಸ್ ಟ್ಯಾಂಟನ್ ಅವರ ಹೆಸರನ್ನಿಟ್ಟರು. ಇನ್ನೊಂದಕ್ಕೆ ಊರಿನ ಹೆಸರು: ‘ಎಲಾಲಿಐಟ್’.

ಉಲ್ಕಾಶಿಲೆಗೆ ಅದು ಸಿಕ್ಕಿದ ತಾಣದ ಸಮೀಪದ ಊರಿನದೋ ಭೂಲಕ್ಷಣದ್ದೋ ಹೆಸರನ್ನು ಕೊಡುವುದು ಆ ಶಾಸ್ತ್ರದ ಪದ್ಧತಿ. ಹಾಗಾಗಿ ಗ್ರಂಥಗಳಲ್ಲಿ ಶಿಲೆಯ ಹೆಸರು ಎಲ್ ಅಲಿ. ಒಂಟೆಗಾಹಿಗಳ ಶೀದ್ ಬಿರೋದ್ ಅಡಿಟಿಪ್ಪಣಿಗೆ ಸರಿಯಿತು. ಹೈದರಾಲಿಯಲ್ಲಿ ಆದಂತೆಯೇ ಇಲ್ಲಿಯೂ ಎರಡು ಪದ ಬೆಸೆದು ಒಂದಾಗಿವೆ. ಮೊದಲನೆಯ ಪದ ಬಾವಿಯೆಂಬ ಸುಳಿವು ಬೆಸುಗೆಯಲ್ಲಿ ಮುಚ್ಚಿಹೋಗಿದೆ. ಖನಿಜಶಾಸ್ತ್ರದ ವಿದ್ಯಾರ್ಥಿಗಳು ಇನ್ನು ಮುಂದೆ, ತಮಗರಿವಿಲ್ಲದೆಯೇ, ನೀರಿನ ಹೆಸರಿನಿಂದ ಒಂದು ಕಬ್ಬಿಣವನ್ನು ಕರೆಯುತ್ತಾರೆ.

ಕಲ್ಲು ಮಾತ್ರ ಊರಿನ ಬಳಿ ಉಳಿಯಲಿಲ್ಲ. 1991ರಲ್ಲಿ ಸರ್ಕಾರ ಕುಸಿದಂದಿನಿಂದ ಕಾದಾಟವನ್ನೇ ಕಂಡ ನಾಡಿನಲ್ಲಿ ಹದಿನೈದು ಟನ್ನಿನ ಸೊತ್ತನ್ನು ಕಾಯುವವರಾರು? ಮೊದಲು ಅದು ರಾಜಧಾನಿ ಮೊಗದಿಶುವಿಗೆ ಸಾಗಿತು. 2022ರಲ್ಲಿ ಖನಿಜಗಳ ಸುದ್ದಿ ಹೊರಬಿದ್ದ ವೇಳೆಗೆ, ಕೊಳ್ಳುವವರನ್ನು ಹುಡುಕಿಕೊಂಡು ಚೀನ ದೇಶಕ್ಕೆ ಹೋಗಿದೆಯೆಂದು ವಿಶ್ವವಿದ್ಯಾಲಯದವರೇ ತಿಳಿಸಿದರು. ಅದರೊಳಗೆ ಇನ್ನಷ್ಟು ಹೊಸ ಖನಿಜಗಳಿರಬಹುದು, ಇನ್ನೂ ಹೋಳುಗಳು ಬೇಕು ಎಂದು ವಿಜ್ಞಾನಿಗಳು ಆಸೆಪಟ್ಟರು. ಕಲ್ಲಿನ ಹಾಡುಗಳನ್ನು ಬಲ್ಲವರು ಹೀರಾನಿನಲ್ಲಿ, ಕಲ್ಲಿನ ಹೋಳು ಎಡ್ಮಂಟನ್ನಿನಲ್ಲಿ, ಕಲ್ಲು ಮಾರಾಟಕ್ಕೆ.