ವಂಶವೃಕ್ಷದಲ್ಲಿ ಅಜ್ಜಿಯ ತವರು ಎಲ್ಲಿ?

ಮನೆತನದ ಚರಿತ್ರೆ ಕೆದಕುವ ಹುರುಪು ಈಗ ಎಲ್ಲೆಡೆ ಕಾಣುತ್ತಿದೆ. ಬೆಂಗಳೂರು, ಪುಣೆ, ನ್ಯೂಜೆರ್ಸಿ ಎಂದು ಚದುರಿಹೋದ ದಾಯಾದಿಗಳು ಮೊಬೈಲಿನಲ್ಲೇ ಒಂದುಗೂಡಿ ಮೂಲಪುರುಷ ಯಾರು, ಮೂಲ ಊರು ಯಾವುದು, ಮನೆದೇವರು ಯಾವುದು ಎಂದು ಚರ್ಚಿಸುತ್ತಾರೆ. ಏಳೆಂಟು ತಲೆಮಾರಿನ ವೃಕ್ಷವನ್ನು ಅಚ್ಚು ಹಾಕಿಸಿ ನೆಂಟರಿಗೆಲ್ಲ ಹಂಚುವವರೂ ಇದ್ದಾರೆ. ಒಳ್ಳೆಯ ಕೆಲಸವೇ. ಆದರೆ ಹೀಗೆ ಸಿದ್ಧವಾಗುವ ವೃಕ್ಷಗಳಲ್ಲಿ ಹೆಚ್ಚಿನವು ಗಂಡಸರ ಪಟ್ಟಿಗಳು. ಮಗಳ ಹೆಸರಿದ್ದರೂ ಗೆರೆ ಅಲ್ಲಿಗೇ ನಿಂತುಬಿಡುತ್ತದೆ. ಸೊಸೆಯ ಹೆಸರಿದ್ದರೂ ಅವಳ ತವರಿನ ಸುದ್ದಿಯಿರುವುದಿಲ್ಲ. ಲೆಕ್ಕ ಹಾಕಿ ನೋಡಿ. ತಂದೆತಾಯಿ ಇಬ್ಬರು, ಅಜ್ಜ ಅಜ್ಜಿಯರು ನಾಲ್ವರು, ಅವರ ಹಿಂದೆ 8, ಆಮೇಲೆ 16, ಆಮೇಲೆ 32. ಐದು ತಲೆಮಾರಿಗೆ ಒಟ್ಟು 62 ಮಂದಿ. ಅಪ್ಪ, ಅಪ್ಪನ ಅಪ್ಪ ಎಂದು ಏರುತ್ತ ಹೋಗುವ ವೃಕ್ಷ ಇವರಲ್ಲಿ ಐವರನ್ನು ಮಾತ್ರ ಹೆಸರಿಸುತ್ತದೆ. ಉಳಿದ 57 ಮಂದಿಯನ್ನು ಬಿಟ್ಟು ಬರೆದದ್ದನ್ನು ಮನೆತನದ ಚರಿತ್ರೆ ಎಂದು ಕರೆಯುವುದಕ್ಕೆ ನನ್ನ ತಕರಾರಿದೆ.

ನಮ್ಮ ಸೀಮೆಯಲ್ಲಂತೂ ಈ ಬಿಟ್ಟುಹೋದ ಭಾಗ ಇನ್ನಷ್ಟು ಮುಖ್ಯ, ಏಕೆಂದರೆ ಇಲ್ಲಿ ಸೋದರಮಾವನನ್ನೋ ಸೋದರತ್ತೆಯ ಮಗನನ್ನೋ ಮದುವೆಯಾಗುವುದು ಹಳೆಯ ರೂಢಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲೂ ಕರ್ನಾಟಕದ ಸುಮಾರು ಕಾಲು ಭಾಗದಷ್ಟು ಹೆಂಗಸರು ರಕ್ತಸಂಬಂಧದಲ್ಲೇ ಮದುವೆಯಾದವರು. ಹುಡುಗಿ ತಾಯಿಯ ತಮ್ಮನನ್ನು ಮದುವೆಯಾದರೆ, ಅವಳ ಮಗುವಿಗೆ ಅಪ್ಪನ ತಂದೆತಾಯಿಯೂ ಅಮ್ಮನ ಅಜ್ಜ ಅಜ್ಜಿಯೂ ಒಂದೇ ಜೋಡಿ. ಮೇಲಿನ 62ರ ಲೆಕ್ಕ ಆಗಲೇ ಇಳಿಯುತ್ತದೆ. ಗಂಡುಸಂತಾನದ ವೃಕ್ಷದಲ್ಲಿ ಈ ಕೊಂಡಿ ಕಾಣುವುದೇ ಇಲ್ಲ. ಎರಡು ಮನೆತನಗಳು ಮೂರು ತಲೆಮಾರು ಹೆಣ್ಣು ಕೊಟ್ಟು ತಂದುಕೊಂಡು ಬೆಸೆದುಕೊಂಡಿದ್ದರೂ ಕಾಗದದ ಮೇಲೆ ಅವು ಪರಸ್ಪರ ಗುರುತೇ ಇಲ್ಲದ ಎರಡು ಮರಗಳು. ಆನುವಂಶಿಕ ಕಾಯಿಲೆಯೊಂದರ ಜಾಡು ಹಿಡಿಯಬೇಕಾದ ವೈದ್ಯರಿಗೆ ಇಂಥ ವೃಕ್ಷದಿಂದ ಏನೂ ಉಪಯೋಗವಿಲ್ಲ.

ವಂಶ ಎಂದರೆ ಗಂಡುಸಂತಾನವೇ, ಪರಂಪರೆಯೇ ಹಾಗಿದೆ ಎಂಬ ಉತ್ತರ ಕೂಡಲೇ ಬರುತ್ತದೆ. ಅದಕ್ಕೆ ಆಧಾರವೂ ಇದೆ. ಬೆಳಗಾವಿ, ವಿಜಯಪುರ ಕಡೆಯ ಹೆಳವರು ಎತ್ತಿನ ಮೇಲೆ ಬಂದು, ಮನೆ ಮುಂದೆ ನಿಂತು, ಒಕ್ಕಲಿನ ಪೀಳಿಗೆಯನ್ನು ಹಾಡಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಹೊತ್ತಿಗೆಗೆ ಸೇರಿಸಿಕೊಂಡು ಕಾಳುಕಡಿ ಪಡೆದು ಹೋಗುತ್ತಿದ್ದ ಪದ್ಧತಿಯಲ್ಲಿ ಮುಖ್ಯವಾಗಿ ನಿಲ್ಲುತ್ತಿದ್ದುದು ಗಂಡಸರ ಸಾಲೇ. ಆದರೆ ಪರಂಪರೆ ಅಷ್ಟಕ್ಕೇ ಮುಗಿಯುವುದಿಲ್ಲ. ತುಳುನಾಡಿನಲ್ಲಿ ಬಂಟರು, ಬಿಲ್ಲವರು ಮೊದಲಾದವರ ‘ಬಳಿ’, ಅಂದರೆ ಗೋತ್ರದಂಥ ಕುಲದ ಗುರುತು, ತಾಯಿಯಿಂದಲೇ ಬರುತ್ತದೆ. ಅಳಿಯಸಂತಾನದ ಆಸ್ತಿ ಹಂಚಿಕೆ ಕಾನೂನಿನಿಂದ ಬದಲಾದ ಮೇಲೂ ಬಳಿ ಬದಲಾಗಿಲ್ಲ. ವೈದಿಕರ ತರ್ಪಣದಲ್ಲಿ ತಾಯಿ, ಅಜ್ಜಿ, ಮುತ್ತಜ್ಜಿಯರ ಹೆಸರನ್ನೂ ತಾಯಿಯ ತವರಿನ ಮೂರು ತಲೆಮಾರನ್ನೂ ಹೇಳಲೇಬೇಕು. ಮಹಾಲಯದ ದಿನ ದರ್ಭೆ ಹಿಡಿದು ಹೇಳುವ ಹೆಸರುಗಳು ಅದೇ ಮನೆಯವರು ಅಚ್ಚು ಹಾಕಿಸಿದ ವೃಕ್ಷದಲ್ಲಿ ಇಲ್ಲವೆಂದರೆ ಅದು ಪರಂಪರೆಯ ತಪ್ಪಲ್ಲ. ಇನ್ನು ಅತ್ತಿಮಬ್ಬೆಯನ್ನೇ ನೋಡಿ. 993ರಲ್ಲಿ ರನ್ನ ಬರೆದ ಅಜಿತಪುರಾಣ, 1007ರ ಲಕ್ಕುಂಡಿ ಶಾಸನಗಳಿರುವುದರಿಂದ ಅವಳ ತಂದೆ ಮಲ್ಲಪ, ತಂಗಿ ಗುಂಡಮಬ್ಬೆ, ಗಂಡ ನಾಗದೇವ, ಮಗ ಅಣ್ಣಿಗದೇವ ಎಲ್ಲರೂ ಸಾವಿರ ವರ್ಷದ ಮೇಲೂ ನಮಗೆ ಗೊತ್ತು. ದೊಡ್ಡ ಮನೆತನದ ಮಾತು, ಒಪ್ಪಿದೆ. ಆದರೂ ಹೆಣ್ಣಿನ ಗುರುತನ್ನು ತವರು ಮತ್ತು ಗಂಡನ ಮನೆ ಎರಡರಿಂದಲೂ ಹೇಳುವ ಕ್ರಮ ಕನ್ನಡಕ್ಕೆ ಹೊಸದಲ್ಲ.

ಹೆಂಗಸರ ಬಗ್ಗೆ ದಾಖಲೆಯೇ ಸಿಗುವುದಿಲ್ಲ ಎಂಬುದು ಇದಕ್ಕಿಂತ ಗಟ್ಟಿಯಾದ ಆಕ್ಷೇಪ. 1951-52ರ ಮೊದಲ ಮಹಾಚುನಾವಣೆಯಲ್ಲಿ ಸ್ವಂತ ಹೆಸರು ಹೇಳದೆ ಇಂಥವರ ಹೆಂಡತಿ, ಇಂಥವರ ಮಗಳು ಎಂದಷ್ಟೇ ಬರೆಸಿದ್ದ ಸುಮಾರು 28 ಲಕ್ಷ ಹೆಂಗಸರನ್ನು ಮತದಾರರ ಪಟ್ಟಿಯಿಂದ ಕೈಬಿಡಬೇಕಾಯಿತು. ಹೆಚ್ಚಿನವರು ಉತ್ತರದ ರಾಜ್ಯಗಳವರಾದರೂ ಸರ್ಕಾರಿ ಕಾಗದಕ್ಕೂ ಹೆಂಗಸಿಗೂ ಇದ್ದ ದೂರ ಇದರಿಂದ ತಿಳಿಯುತ್ತದೆ. ಮದುವೆಯಾದ ಮೇಲೆ ಹೆಸರನ್ನೇ ಬದಲಿಸುವ ಪದ್ಧತಿ ಕೆಲವು ಸಮುದಾಯಗಳಲ್ಲಿರುವುದರಿಂದ ತವರಿನ ದಾಖಲೆಯ ಹುಡುಗಿಯೂ ಗಂಡನ ಮನೆಯ ದಾಖಲೆಯ ಸೊಸೆಯೂ ಒಬ್ಬಳೇ ಎಂದು ತೋರಿಸುವುದೂ ಕಷ್ಟ. ಇಷ್ಟಾದರೂ ಹುಡುಕಬೇಕಾದಲ್ಲಿ ಹುಡುಕಿಲ್ಲ ಎಂಬುದೇ ನಿಜ. ಪಹಣಿ, ಖಾತೆಗಳಲ್ಲಿ ಸಿಗದ ಹೆಂಗಸರು ಹಳೆಯ ಲಗ್ನಪತ್ರಿಕೆಗಳಲ್ಲಿ ಸಿಗುತ್ತಾರೆ, ಶಾಲೆಯ ದಾಖಲಾತಿ ಪುಸ್ತಕದಲ್ಲಿ, ಜನನ ನೋಂದಣಿಯಲ್ಲಿ ಸಿಗುತ್ತಾರೆ, ಮಕ್ಕಳಿಗೆ ಬರೆದುಕೊಟ್ಟ ದಾನಪತ್ರಗಳಲ್ಲಿ ಸಿಗುತ್ತಾರೆ. ಎಲ್ಲಕ್ಕಿಂತ ಮಿಗಿಲಾದದ್ದು ಮುಯ್ಯಿ ಪುಸ್ತಕ. ಮದುವೆಯಲ್ಲಿ ಯಾರು ಎಷ್ಟು ಮುಯ್ಯಿ ಮಾಡಿದರು ಎಂಬುದನ್ನು ಮುಂದೆ ತೀರಿಸುವುದಕ್ಕಾಗಿ ಊರಿನ ಹೆಸರಿನ ಸಮೇತ ಬರೆದಿಟ್ಟ ಆ ನೋಟ್‌ಬುಕ್ಕಿನಲ್ಲಿ ಮನೆಯ ಹೆಣ್ಣುಮಕ್ಕಳನ್ನು ಕೊಟ್ಟ ಊರುಗಳೂ ಸೊಸೆಯಂದಿರ ತವರುಗಳೂ ಸಾಲಾಗಿ ಇರುತ್ತವೆ. ಹಳೆ ಮನೆ ಕೆಡವುವಾಗ ಮೊದಲು ರದ್ದಿಗೆ ಹೋಗುವುದೂ ಅದೇ.

ಬಾಯಿಬಿಟ್ಟು ಹೇಳದ, ಆದರೆ ಎಲ್ಲರ ಮನಸ್ಸಿನಲ್ಲಿರುವ ಆಕ್ಷೇಪ ಆಸ್ತಿಯದು. ಹೆಣ್ಣುಮಕ್ಕಳ ಹೆಸರು ಬರೆದರೆ ನಾಳೆ ಪಾಲು ಕೇಳುತ್ತಾರೆ ಎಂಬ ಭಯ. ಪೌತಿ ಖಾತೆಗೆಂದು ನಾಡಕಚೇರಿಗೆ ಕೊಡುವ ವಂಶವೃಕ್ಷದಲ್ಲಿ ಅಕ್ಕತಂಗಿಯರು ಮಾಯವಾಗುವುದು ಇದೇ ಕಾರಣಕ್ಕೆ. ಆದರೆ ಹಕ್ಕು ಹುಟ್ಟುವುದು ವೃಕ್ಷದಿಂದಲ್ಲ. ಕರ್ನಾಟಕ 1994ರಲ್ಲೇ, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ ಹಿಂದೂ ಅವಿಭಕ್ತ ಕುಟುಂಬದ ಆಸ್ತಿಯಲ್ಲಿ ಸಮಪಾಲು ಕೊಟ್ಟಿತು; 2005ರ ಕೇಂದ್ರ ತಿದ್ದುಪಡಿ ಮದುವೆಯ ಷರತ್ತಿಲ್ಲದೆ ಆ ಹಕ್ಕನ್ನು ದೇಶಕ್ಕೆಲ್ಲ ವಿಸ್ತರಿಸಿತು; ಆ ಹಕ್ಕು ಹುಟ್ಟಿನಿಂದಲೇ ಬರುವಂಥದ್ದು, 2005ರಲ್ಲಿ ತಂದೆ ಬದುಕಿರಲೇಬೇಕೆಂದಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಹೆಸರು ಬಿಟ್ಟರೆ ಹಕ್ಕು ಹೋಗುವುದಿಲ್ಲ, ಬಿಟ್ಟವರ ಪ್ರಮಾಣಪತ್ರವಷ್ಟೇ ಸುಳ್ಳಾಗುತ್ತದೆ. ಇನ್ನೊಂದು ಮಾತು: ತೀರಿಕೊಂಡವರು ಬರೆದಿಟ್ಟ ಕುಟುಂಬದ ವಂಶಾವಳಿಯನ್ನು, ಅದು ವ್ಯಾಜ್ಯ ಹುಟ್ಟುವ ಮೊದಲೇ ಬರೆದದ್ದಾದರೆ, ನಮ್ಮ ಸಾಕ್ಷ್ಯ ಕಾನೂನು ಪರಿಗಣಿಸುತ್ತದೆ. ಜಗಳವಿಲ್ಲದ ಕಾಲದಲ್ಲಿ ಎಲ್ಲರನ್ನೂ ಸೇರಿಸಿ ಬರೆದ ವೃಕ್ಷ ಎಲ್ಲರನ್ನೂ ಕಾಯುತ್ತದೆ, ಗಂಡುಮಕ್ಕಳನ್ನೂ.

ಮರ್ಯಾದೆಯ ಮಾತೂ ಬರುತ್ತದೆ. ಎರಡನೆಯ ಹೆಂಡತಿ, ಉಡಿಕೆಯಾಗಿ ಬಂದವಳು, ಅವರ ಮಕ್ಕಳು, ಇವರನ್ನೆಲ್ಲ ಬರೆಯಬೇಕೇ? ಬರೆಯಬೇಕು. ವಿಧವೆಯ ಮರುಮದುವೆಗೆ ಎಷ್ಟೋ ಸಮುದಾಯಗಳು ತಲೆಮಾರುಗಳ ಕಾಲ ಸಹಜವಾಗಿ ಜಾಗ ಕೊಟ್ಟಿದ್ದವು. ಅದನ್ನು ಮುಚ್ಚಿಡಬೇಕೆಂಬ ಸಂಕೋಚ ನಮ್ಮದೇ ಹೊರತು ಅವರದಲ್ಲ. ಆದರೆ ತೀರಿಕೊಂಡವರ ವಿಷಯ ಬೇರೆ, ಬದುಕಿರುವವರ ವಿಷಯ ಬೇರೆ. ಬದುಕಿರುವ ಹೆಣ್ಣುಮಕ್ಕಳ ಜನ್ಮದಿನಾಂಕ, ವಿಳಾಸ, ಫೋನ್ ನಂಬರು, ವಿಚ್ಛೇದನದ ವಿವರಗಳನ್ನು ನೂರಾರು ಮಂದಿ ನೋಡುವಲ್ಲಿ ಹಾಕುವ ಉತ್ಸಾಹಿಗಳನ್ನು ತಡೆಯಲೇಬೇಕು. ಅವರ ಮಟ್ಟಿಗೆ ಹೆಸರು ಮತ್ತು ಸಂಬಂಧ ಸಾಕು, ಅದೂ ಅವರನ್ನು ಕೇಳಿಯೇ. ಉಳಿದದ್ದನ್ನು ಮನೆಯ ಪ್ರತಿಯಲ್ಲಿ ಬರೆದಿಡಬಹುದು.