ಅಪುವಿನ ಅಪರಾಧ

ಕಳೆದ ತಿಂಗಳು ನಮ್ಮ ಬಡಾವಣೆಯ ಹತ್ತು ಹನ್ನೆರಡು ಮಂದಿ ಹಿರಿಯರು ಮಿತ್ರರೊಬ್ಬರ ಮನೆಯ ಪಡಸಾಲೆಯಲ್ಲಿ ಕಲೆತು ಸತ್ಯಜಿತ್ ರಾಯರ 'ಅಪರಾಜಿತ' ಚಿತ್ರವನ್ನು ನೋಡಿದೆವು. ಚಿತ್ರ ಮುಗಿದು ದೀಪ ಹಾಕಿದಾಗ ಹಲವರ ಕಣ್ಣು ಒದ್ದೆಯಾಗಿತ್ತು. ಕಾಫಿ ಬರುವ ವೇಳೆಗೆ ಆ ಒದ್ದೆಯೆಲ್ಲ ಆರಿ ಕೋಪವಾಗಿತ್ತು. "ಎಂಥ ಮಗ ಸ್ವಾಮಿ ಇವನು! ಹೆತ್ತ ತಾಯಿ ಸತ್ತಿದ್ದಾಳೆ, ಇವನಿಗೆ ಪರೀಕ್ಷೆಯ ಚಿಂತೆ!" ಎಂದರು ಮನೆಯ ಯಜಮಾನರು. ಸಭೆ ತಲೆದೂಗಿತು. ತಮ್ಮ ಇಬ್ಬರು ಮಕ್ಕಳನ್ನೂ ಸಾಲ ಮಾಡಿ ಅಮೆರಿಕಕ್ಕೆ ಕಳುಹಿಸಿದವರು ಇದೇ ಮಹಾಶಯರು ಎಂಬುದನ್ನು ಯಾರೂ ನೆನಪಿಸಲಿಲ್ಲ. ನಾನೂ ನೆನಪಿಸಲಿಲ್ಲ, ಅವರ ಮನೆಯ ಕಾಫಿ ಕುಡಿಯುತ್ತಿದ್ದೆ. ಅಂದು ನುಂಗಿಕೊಂಡ ಮಾತನ್ನು ಇಂದು ಓದುಗರ ಮುಂದೆ ಇಡುತ್ತಿದ್ದೇನೆ.

ಈ ಕೋಪ ಹೊಸದೇನೂ ಅಲ್ಲ. 1955ರ 'ಪಥೇರ್ ಪಾಂಚಾಲಿ'ಯನ್ನು ತಲೆಯ ಮೇಲೆ ಹೊತ್ತ ಬಂಗಾಳದ ಜನ, ಮರುವರ್ಷ ಬಂದ ಈ ಎರಡನೆಯ ಚಿತ್ರವನ್ನು ಅಷ್ಟಾಗಿ ಆದರಿಸಲಿಲ್ಲ. ತಾಯಿ ಮಗನ ಸಂಬಂಧವನ್ನು ಚಿತ್ರಿಸಿದ ಬಗೆ ಪಟ್ಟಣದ ಪ್ರೇಕ್ಷಕರಿಗೆ ಹಿಡಿಸಲಿಲ್ಲವೆಂದು ರಾಯರೇ ಹೇಳಿಕೊಂಡಿದ್ದಾರೆ. 1957ರಲ್ಲಿ ವೆನಿಸ್ಸಿನ ಚಿತ್ರೋತ್ಸವ ಇದಕ್ಕೆ ತನ್ನ ಅತ್ಯುನ್ನತ ಪ್ರಶಸ್ತಿಯಾದ ಚಿನ್ನದ ಸಿಂಹವನ್ನು ಕೊಟ್ಟಿತು. ವಿದೇಶದವರು ಮೆಚ್ಚಿದರೆಂದು ನಾವೂ ಮೆಚ್ಚಬೇಕಾದುದಿಲ್ಲ. ಆದರೆ ಮೆಚ್ಚದಿರುವುದಕ್ಕೆ ನಾವು ಕೊಡುವ ಕಾರಣವಾದರೂ ಪ್ರಾಮಾಣಿಕವಾಗಿರಬೇಡವೆ?

ಅಪುವಿನ ಮೇಲಿರುವ ಆರೋಪವೇನು? ಕಾಶಿಯಲ್ಲಿ ತಂದೆ ಹರಿಹರ ತೀರಿಕೊಂಡ ಮೇಲೆ ತಾಯಿ ಸರ್ವಜಯೆ ಶ್ರೀಮಂತರ ಮನೆಯಲ್ಲಿ ಅಡಿಗೆಗೆ ನಿಲ್ಲುತ್ತಾಳೆ. ಅನಂತರ ನೆಂಟನಾದ ಮುದುಕ ಭವತಾರಣನೊಡನೆ ಮನಸಾಪೋತ ಎಂಬ ಹಳ್ಳಿಗೆ ಬರುತ್ತಾಳೆ. ಹುಡುಗ ಕುಲವೃತ್ತಿಯಾದ ಪೌರೋಹಿತ್ಯವನ್ನು ಕಲಿಯುತ್ತಾನೆ. ಶಾಲೆಯ ಹುಡುಗರನ್ನು ಕಂಡು ತಾನೂ ಓದುತ್ತೇನೆನ್ನುತ್ತಾನೆ. ಓದಿ ವಿದ್ಯಾರ್ಥಿವೇತನ ಪಡೆದು ಕಲ್ಕತ್ತೆಗೆ ಹೋಗುತ್ತಾನೆ. ರಾತ್ರಿ ಮುದ್ರಣಾಲಯದಲ್ಲಿ ದುಡಿತ, ಹಗಲು ಕಾಲೇಜಿನಲ್ಲಿ ತೂಕಡಿಕೆ. ಊರಿಗೆ ಬರುವುದು ಅಪರೂಪ, ಬಂದರೂ ಮನಸ್ಸೆಲ್ಲ ಅಲ್ಲೇ. ತಾಯಿ ಕಾಯಿಲೆ ಬಿದ್ದು ತೀರಿಕೊಂಡಾಗ ಅವನು ಬಳಿಯಲ್ಲಿಲ್ಲ. ಬಂದವನು ಅತ್ತು, ಗಂಟು ಕಟ್ಟಿ, ಕರ್ಮಾಂತರವನ್ನು ಕಲ್ಕತ್ತೆಯಲ್ಲೇ ಮಾಡುತ್ತೇನೆಂದು ಹೊರಟುಬಿಡುತ್ತಾನೆ. ಇಷ್ಟೇ ಆರೋಪಪಟ್ಟಿ.

ಸರಿ, ಇದರಲ್ಲಿ ಸರ್ವಜಯೆ ಎಲ್ಲಿ? ಅಪುವನ್ನು ಬಯ್ಯುವವರು ಆಕೆಯ ಪಕ್ಷ ವಹಿಸಿದ್ದೇವೆಂದು ತಿಳಿದಿದ್ದಾರೆ. ನನಗೆ ತೋರುವಂತೆ ಆಕೆಗೆ ಅವರಷ್ಟು ಅವಮಾನ ಮಾಡುವವರು ಬೇರೆ ಯಾರೂ ಇಲ್ಲ. ಅವರ ಕಣ್ಣಿಗೆ ಆಕೆ ಸಾಲ ಕೊಟ್ಟು ಮೋಸಹೋದ ಒಬ್ಬ ಮುಗ್ಧೆ. ಕಾಶಿಯ ಮನೆಯ ಮಹಡಿ ಮೆಟ್ಟಿಲನ್ನು ನೆನೆದುಕೊಳ್ಳಿ. ಅನ್ನಕ್ಕೆ ಅಲ್ಲಿ ಕೊರತೆಯಿರಲಿಲ್ಲ. ಆದರೂ ಮೆಟ್ಟಿಲಿಳಿಯುವಾಗ, ಯಜಮಾನನಿಗೆ ಹುಕ್ಕ ಅಣಿಮಾಡುತ್ತಿರುವ ತನ್ನ ಮಗನನ್ನು ಆಕೆ ನೋಡುತ್ತಾಳೆ. ಕರುಣಾ ಬ್ಯಾನರ್ಜಿಯವರ ಮುಖದಲ್ಲಿ ಒಂದು ಗೆರೆಯೂ ಹೆಚ್ಚಾಗಿ ಅಲುಗುವುದಿಲ್ಲ. ಮರುಕ್ಷಣ ನಾವು ರೈಲಿನಲ್ಲಿದ್ದೇವೆ. ಮಗ ಆಳಾಗಬಾರದು ಎಂಬ ತೀರ್ಮಾನ ಆಕೆಯದು. ಕಲ್ಕತ್ತೆಯ ಮಾತು ಬಂದಾಗ ಆಕೆ ಬೇಡವೆನ್ನುತ್ತಾಳೆ, ಕೋಪದಿಂದ ಕೆನ್ನೆಗೂ ಹೊಡೆಯುತ್ತಾಳೆ, ನಿಜ. ಆದರೆ ಹೊರಗೆ ಹೋದ ಮಗನ ಬೆನ್ನಹಿಂದೆಯೇ ಹೋಗಿ ಕರೆತಂದು, ಕೂಡಿಟ್ಟ ಹಣವನ್ನು ಬಿಚ್ಚಿ ಕೊಡುವವಳೂ ಆಕೆಯೇ. ಕಾಯಿಲೆಯ ಸುದ್ದಿಯನ್ನು ಮಗನಿಗೆ ಮುಚ್ಚಿಟ್ಟವಳೂ ಆಕೆಯೇ. ಇವೆಲ್ಲ ಬಲಿಪಶುವಿನ ಕೆಲಸಗಳಲ್ಲ. ಬುದ್ಧಿಯಿದ್ದ ಹೆಂಗಸು, ಬೆಲೆಯೆಷ್ಟೆಂದು ತಿಳಿದು, ಕೊಂಡ ಪದಾರ್ಥ ಅದು. ಆಕೆ ಕೊಂಡುದನ್ನು ಹಿಂದಿರುಗಿಸಿಬಿಡು ಎಂದು ಮಗನಿಗೆ ಹೇಳಲು ನಾವು ಯಾರು?

ಅಪು ನಿರ್ದೋಷಿಯೆಂದು ನಾನು ವಾದಿಸುತ್ತಿಲ್ಲ. ರಜೆಯಲ್ಲಿ ಬಂದ ರಾತ್ರಿ ತಾಯಿ ಮೆಲ್ಲಗೆ ಕೇಳುತ್ತಾಳೆ: ನೀನು ಸಂಪಾದಿಸುವಾಗ ನಾನು ನಿನ್ನ ಬಳಿ ಇರಬಹುದೆ, ನನಗೆ ಕಾಯಿಲೆಯಾದರೆ ಔಷಧ ಕೊಡಿಸುವೆಯಾ ಎಂದು. ಉತ್ತರವಿಲ್ಲ, ಹುಡುಗ ನಿದ್ದೆ ಹೋಗಿದ್ದಾನೆ. ಈ ಭಾಗ ಬಂದಾಗಲೆಲ್ಲ ನಾನು ಪರದೆಯಿಂದ ಕಣ್ಣು ತೆಗೆಯುತ್ತೇನೆ. ಮೂಲ ಕಾದಂಬರಿ ಬರೆದ ವಿಭೂತಿಭೂಷಣ ಬಂದ್ಯೋಪಾಧ್ಯಾಯರು ಇನ್ನೂ ನಿಷ್ಠುರರು: ತಾಯಿಯ ಸಾವಿನ ಸುದ್ದಿ ತಿಳಿದಾಗ ಅಪುವಿನ ಮನಸ್ಸಿನಲ್ಲಿ ಮೊದಲು ಹಾದುಹೋದುದು ಬಿಡುಗಡೆಯ ಒಂದು ಭಾವ ಎಂದು ಅವರು ಬರೆದಿದ್ದಾರೆ. ಎಂತಹ ಧೈರ್ಯ! ನಮ್ಮಲ್ಲಿ ಹಾಗೆ ಬರೆದರೆ ಮುಂದಿನ ವಾರದ 'ವಾಚಕರ ವಾಣಿ'ಯಲ್ಲಿ ಜಾಗ ಸಾಲುತ್ತಿರಲಿಲ್ಲ. ಆದರೆ ಇದೇ ಹುಡುಗ, ರಜೆ ಮುಗಿದು ನಿಲ್ದಾಣಕ್ಕೆ ಹೋದವನು, ರೈಲು ಕಣ್ಣೆದುರಿಗೇ ಬಂದರೂ ಹತ್ತದೆ ಹಿಂದಿರುಗಿ, 'ರೈಲು ತಪ್ಪಿಹೋಯಿತು' ಎಂದು ತಾಯಿಗೆ ಸುಳ್ಳು ಹೇಳಿ ಒಂದು ದಿನ ಹೆಚ್ಚಾಗಿ ಉಳಿಯುತ್ತಾನೆ. ಕೋಪಿಸಿಕೊಳ್ಳುವವರಿಗೆ ಇದು ಮಾತ್ರ ಮರೆತುಹೋಗುತ್ತದೆ.

ಅಪು ಉಳಿದುಕೊಳ್ಳಲಿ ಎಂದು ಕಟ್ಟಕಡೆಯಲ್ಲಿ ಬಯಸುವವನು ಯಾರು ಎಂಬುದನ್ನೂ ನೋಡಬೇಕು. ತಾಯಿ ಆಗ ಇಲ್ಲ. ಇರುವವನು ಭವತಾರಣ, ಅವನಿಗೆ ಬೇಕಾದವನು ಪೂಜೆಗೊಬ್ಬ ಹುಡುಗ. ಋಣದ ಪತ್ರ ತಾಯಿಯ ಹೆಸರಿನಲ್ಲಿರುತ್ತದೆ, ವಸೂಲಿಗೆ ಬರುವವರು ಬೇರೆಯವರಿರುತ್ತಾರೆ. ಇದನ್ನು ಚಿತ್ರದಿಂದ ಕಲಿಯಬೇಕಾಗಿರಲಿಲ್ಲ ನಾನು. ನಮ್ಮದು ಹಾಸನದ ಕಡೆಯ ಹಳ್ಳಿ. ತಂದೆ ದೇವಸ್ಥಾನದ ಅರ್ಚಕರು. ಅವರು ಹೋದ ವರ್ಷ, 1964ರಲ್ಲಿ, ನಾನು ಎಸ್.ಎಸ್.ಎಲ್.ಸಿ. ಮುಗಿಸಿದ್ದೆ. ಸರ್ಕಾರದ ತಸ್ತೀಕು ವರ್ಷಕ್ಕೆ ಇಷ್ಟು, ಹಬ್ಬದ ತಟ್ಟೆಕಾಸು ಇಷ್ಟು ಎಂದು ಲೆಕ್ಕಹಾಕಿ, 'ತಾಯಿಯನ್ನು ಬಿಟ್ಟು ಮೈಸೂರಿಗೆ ಹೋಗುತ್ತೀಯಾ, ದೇವರ ಗತಿಯೇನು?' ಎಂದು ಕೇಳಿದವರು ನನ್ನ ದೊಡ್ಡಪ್ಪ. ತಾಯಿ ಆ ದಿನ ಏನೂ ಹೇಳಲಿಲ್ಲ. ಮರುದಿನ ಬೆಳಗ್ಗೆ ಚಟ್ನಿಪುಡಿ ಕುಟ್ಟಲು ಕುಳಿತರು. ಮೈಸೂರಿನಲ್ಲಿ ವಾರಾನ್ನಕ್ಕೆ ಐದು ಮನೆ ಗೊತ್ತಾಯಿತು, ಉಳಿದೆರಡು ದಿನಕ್ಕೆ ಆ ಚಟ್ನಿಪುಡಿ ಮತ್ತು ಅವಲಕ್ಕಿ.

ಇಲ್ಲಿಗೆ ನಿಲ್ಲಿಸಿದ್ದರೆ ನನ್ನದು ಅಪುವಿನ ಕಥೆಯೇ ಆಗಿ, ನಾನೂ ಒಬ್ಬ ನಾಯಕನಾಗಿಬಿಡುತ್ತಿದ್ದೆ. ಆದರೆ ನನಗೊಬ್ಬ ಅಕ್ಕ ಇದ್ದಾಳೆ.

ಅಪುವಿಗೂ ಇದ್ದಳು. ದುರ್ಗಾ ಮೊದಲನೆಯ ಚಿತ್ರದಲ್ಲೇ ಮಳೆಯಲ್ಲಿ ನೆನೆದು ಜ್ವರ ಬಂದು ತೀರಿಕೊಂಡಳು. ಬದುಕಿದ್ದು ಅವಳೂ ಗ್ಲೋಬು ಹಿಡಿದು ತಾಯಿಯ ಮುಂದೆ ನಿಂತಿದ್ದರೆ? ಕುಟುಂಬವೋ ಕನಸೋ ಎಂಬ ಈ ತೊಳಲಾಟವನ್ನು ನಾವು ದೊಡ್ಡ ಸಮಸ್ಯೆಯೆಂದು ಚರ್ಚಿಸುತ್ತೇವಲ್ಲ, ಅದು ಗಂಡುಹುಡುಗರಿಗೆ ಕೊಟ್ಟ ಒಂದು ಸವಲತ್ತು. ನನ್ನ ಅಕ್ಕ ನನಗಿಂತ ಚೆನ್ನಾಗಿ ಲೆಕ್ಕ ಮಾಡುತ್ತಿದ್ದಳು. ಮಿಡ್ಲ್‌ಸ್ಕೂಲು ಮುಗಿಯುವ ಮೊದಲೇ ಅವಳನ್ನು ಬಿಡಿಸಿದರು. ಅವಳನ್ನು ಯಾರೂ 'ಹೋಗುತ್ತೀಯಾ, ಇರುತ್ತೀಯಾ' ಎಂದು ಕೇಳಲಿಲ್ಲ. ಕೇಳದಿದ್ದುದರಿಂದ ಅವಳು ನಿಷ್ಠೆ ತೋರಿದಳೆಂದು ಯಾರೂ ಹೊಗಳಲೂ ಇಲ್ಲ. ನಾನು ಮೈಸೂರಿಗೆ ಹೋದ ಮೇಲೆ ತಾಯಿಯ ಮಂಡಿಗೆ ಎಣ್ಣೆ ತಿಕ್ಕಿದವಳು, ಮದುವೆಯಾದ ಮೇಲೂ ಎರಡು ಮೈಲಿ ನಡೆದು ಬಂದು ನೋಡಿಕೊಂಡವಳು ಅವಳು. ನನ್ನ ಸ್ವಾತಂತ್ರ್ಯದ ಬಾಡಿಗೆಯನ್ನು ಅವಳು ಕಟ್ಟಿದಳು. ಸರ್ವಜಯೆಯ ಪಕ್ಕದಲ್ಲಿ ಹಾಗೆ ಕಟ್ಟುವವರು ಯಾರೂ ಉಳಿದಿರಲಿಲ್ಲ. ಅಪುವಿನ ಅಪರಾಧ ಅಷ್ಟು ಬೆತ್ತಲಾಗಿ ಕಾಣುವುದು ಅದರಿಂದ. ನಮ್ಮ ಅಪರಾಧಗಳ ಮೇಲೆ ಅಕ್ಕಂದಿರ ಸೆರಗು ಮುಚ್ಚಿದೆ. ಅಂದು ಕಾಫಿ ಕುಡಿಯುತ್ತ ಅಪುವಿಗೆ ಶಿಕ್ಷೆ ವಿಧಿಸಿದ ಹತ್ತು ಹನ್ನೆರಡು ಜನರೂ ಊರು ಬಿಟ್ಟು ಬಂದವರೇ. ಅಲ್ಲಿ ಯಾರು ಉಳಿದರೆಂದು ಒಬ್ಬರಾದರೂ ಹೇಳಲಿಲ್ಲ. ಆ ಸಭೆಗೆ ಹೆಂಗಸರನ್ನು ಕರೆದಿರಲೂ ಇಲ್ಲ. ಕಾಫಿ ಮಾತ್ರ ಒಳಗಿನಿಂದ ಬಂದಿತು.

ಕಳೆದ ವಾರ ಅಕ್ಕ ನಮ್ಮ ಮನೆಗೆ ಬಂದಿದ್ದಳು. ಎಂಬತ್ತು ದಾಟಿದೆ, ಕಿವಿ ಸ್ವಲ್ಪ ಮಂದ. ಭಾಷೆ ಬಂಗಾಳಿಯಾದರೇನು, ಕಿವಿ ಕೇಳದವಳಿಗೆ ಎಲ್ಲ ಒಂದೇ ಎಂದು ತಾನೇ ನಗುತ್ತ ಕುಳಿತು ಚಿತ್ರವನ್ನು ಪೂರ್ತಿಯಾಗಿ ನೋಡಿದಳು. ಬೇಕಾದೆಡೆ ನಾನು ಕೂಗಿ ಹೇಳುತ್ತಿದ್ದೆ. ಮಿಣುಕುಹುಳುಗಳು ಹಾರಾಡುವ ಕತ್ತಲಲ್ಲಿ, ಮಗ ಬಂದನೆಂದು ಸರ್ವಜಯೆ ಎದ್ದುಬಂದು ಬಾಗಿಲಲ್ಲಿ ನಿಂತಾಗ ಸೆರಗಿನಿಂದ ಮೂಗು ಒರೆಸಿಕೊಂಡಳು. ಹುಡುಗ ಗಂಟು ಹಿಡಿದು ದಾರಿಯಲ್ಲಿ ನಡೆದುಹೋದ. ಅಕ್ಕ ಅವನಿಗೂ ಬಯ್ಯುತ್ತಾಳೆ, ನನಗೂ ಬಯ್ಯುತ್ತಾಳೆ ಎಂದು ಕಾದೆ. ಅವಳು ಕೇಳಿದ್ದು ಒಂದೇ:

"ಪರೀಕ್ಷೆ ಪಾಸ್ ಮಾಡಿದ್ನೇನೋ?"

ಮೂರನೆಯ ಚಿತ್ರದ ಆರಂಭ ನೆನಪಾಯಿತು. "ಇಂಟರ್ ಪಾಸಾದ ಅಕ್ಕ, ಮುಂದಕ್ಕೆ ಓದೋಕೆ ದುಡ್ಡಿರಲಿಲ್ಲ" ಎಂದೆ.

"ಅಷ್ಟಾದ್ರೂ ಆಯ್ತಲ್ಲ" ಎಂದಳು. ಸ್ವಲ್ಪ ಹೊತ್ತು ಬಿಟ್ಟು, "ಆ ಹುಡುಗಿ ಸತ್ತೋಯ್ತು ಅಂದ್ಯಲ್ಲ, ಅದು ಎಷ್ಟನೇ ಕ್ಲಾಸು ಓದ್ತಿತ್ತು?" ಎಂದು ಕೇಳಿದಳು.